ಕಣ್ಣಳತೆ

ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಮುರುಗೇಶಪಾಳ್ಯ, ದೊಮ್ಮಲೂರು, ಕೋಡಿಹಳ್ಳಿಯ ಸುತ್ತ ಅಪ್ಪ ಕಟ್ಟಿದ ಮನೆಗಳು ಇನ್ನೂ ಒಂದಷ್ಟು ಉಳಿದಿವೆ. ಗೋಡೆ ಸೊಂಟದ ಮಟ್ಟಕ್ಕೆ ಏಳುತ್ತಿದ್ದ ಹಾಗೇ ಅಪ್ಪ ಮೂಲೆಗೆ ಹೋಗಿ, ಒಂದು ಕಣ್ಣು ಮುಚ್ಚಿ, ಇಟ್ಟಿಗೆ ಸಾಲಿನುದ್ದಕ್ಕೂ ನೋಡುತ್ತಿದ್ದ. "ಅಲ್ಲಿ, ನಾಲ್ಕನೇ ವರಸೆ, ಒಂದು ನೂಲು ಆಚೆ ಹೋಗಿದೆ" ಎನ್ನುತ್ತಿದ್ದ. ಆಮೇಲೆ ಚೀಲದಿಂದ ತೂಗುಗುಂಡು ತೆಗೆದು ದಾರ ಬಿಡುತ್ತಿದ್ದ. ಗುಂಡು ಅಲ್ಲಾಡಿ ಅಲ್ಲಾಡಿ ನಿಂತಾಗ ಹೆಚ್ಚು ಸಲ ಅಪ್ಪ ಹೇಳಿದ್ದೇ ನಿಜವಾಗಿರುತ್ತಿತ್ತು. ಕಣ್ಣಿಗೇ ಗೊತ್ತಾದ ಮೇಲೆ ಗುಂಡು ಯಾಕಪ್ಪ ಎಂದು ಒಮ್ಮೆ ಕೇಳಿದ್ದೆ. "ಕಣ್ಣು ನಂದು ಕಣಮ್ಮ. ಗುಂಡು ಭೂಮೀದು" ಅಂದ.

ಈ ಮಾತು ನನಗೆ ಮತ್ತೆ ನೆನಪಾದದ್ದು ಅಮೆರಿಕದ ಪೊಟೋಮ್ಯಾಕ್ ನದಿಯ ದಡದಲ್ಲಿ, ಹುಲ್ಲಿನ ಮೇಲೆ ಅಂಗಾತ ಮಲಗಿ ವಿಮಾನಗಳ ಹೊಟ್ಟೆ ನೋಡುತ್ತಿದ್ದಾಗ. ನಾನೀಗ ಇರುವುದು ಉತ್ತರ ವರ್ಜೀನಿಯಾದಲ್ಲಿ. ಇಲ್ಲಿ ಗ್ರೇವೆಲಿ ಪಾಯಿಂಟ್ ಅಂತ ಒಂದು ಪಾರ್ಕ್ ಇದೆ. ವಾಷಿಂಗ್ಟನ್ ನಗರದ ರೇಗನ್ ವಿಮಾನ ನಿಲ್ದಾಣದ ಮುಖ್ಯ ರನ್‌ವೇಯ ಉತ್ತರದ ತುದಿ ಅಲ್ಲಿಂದ ಕೆಲವೇ ನೂರು ಅಡಿ. ಗಾಳಿ ಉತ್ತರದಿಂದ ಬೀಸುತ್ತಿದ್ದರೆ ವಿಮಾನಗಳು ಪಾರ್ಕಿನ ಮೇಲೆ ಏರಿಹೋಗುತ್ತವೆ. ದಕ್ಷಿಣದ ಗಾಳಿ ಇದ್ದ ದಿನ ಅದೇ ದಿಕ್ಕಿನಿಂದ ಬಂದು ಇಳಿಯುತ್ತವೆ. ನಾನು ಹೋಗುವುದು ದಕ್ಷಿಣದ ಗಾಳಿಯ ದಿನ. ಬುತ್ತಿ ಕಟ್ಟಿಕೊಂಡು, ಮಗಳನ್ನು ಕರೆದುಕೊಂಡು, ಸೂರ್ಯ ಮುಳುಗುವವರೆಗೆ ಅಲ್ಲೇ ಕೂತಿರುತ್ತೇನೆ.

ಆ ದಿನಗಳಲ್ಲಿ ಪೈಲಟ್‌ಗಳು ಬರುವ ದಾರಿಗೆ 'ರಿವರ್ ವಿಷುಯಲ್' ಎಂದು ಹೆಸರು. ಹೆಸರೇ ಹೇಳುವಂತೆ ಅದು ನದಿ ನೋಡಿಕೊಂಡು ಬರುವ ದಾರಿ. ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ವಿಮಾನ ಎಂಟು ಹತ್ತು ಮೈಲಿ ದೂರದಿಂದಲೇ ರನ್‌ವೇಗೆ ನೇರವಾಗಿ ಸಾಲು ಹಿಡಿದು, ನೆಲದಿಂದ ಬರುವ ರೇಡಿಯೋ ಕಿರಣದ ಮೇಲೆ ಜಾರಿ ಇಳಿಯುತ್ತದೆ. ಇಲ್ಲಿ ಉತ್ತರದಿಂದ ಹಾಗೆ ನೇರ ಬಂದರೆ ಶ್ವೇತಭವನ, ಕ್ಯಾಪಿಟಲ್ ಕಟ್ಟಡ, ನಡುವಿನ ನ್ಯಾಷನಲ್ ಮಾಲ್ ಇರುವ ನಿಷೇಧಿತ ಆಕಾಶಕ್ಕೆ ನುಗ್ಗಿದಂತೆ. ನೆಲದಿಂದ ಸುಮಾರು 18,000 ಅಡಿವರೆಗೆ ಅಲ್ಲಿ ಯಾವ ಪ್ರಯಾಣಿಕ ವಿಮಾನಕ್ಕೂ ಪ್ರವೇಶವಿಲ್ಲ. ಇನ್ನೊಂದು ದಡದಲ್ಲಿ ಮನೆಗಳು, ಎತ್ತರದ ಕಚೇರಿಗಳು. ಹಾಗಾಗಿ ಸದ್ದೂ ನದಿಯ ಮೇಲೇ ಉಳಿಯಲಿ, ವಿಮಾನವೂ ನದಿಯ ಮೇಲೇ ಇರಲಿ ಎಂದು ಈ ದಾರಿ. ನಿಲ್ದಾಣ ನದಿಯ ಕೆಸರುನೆಲಕ್ಕೆ ಮಣ್ಣು ತುಂಬಿ ಕಟ್ಟಿದ್ದು, ತೆರೆದದ್ದು 1941ರಲ್ಲಿ. ಊರಿನ ಮಗ್ಗುಲಲ್ಲೇ ಇರುವುದು ಅದರ ಸುಖ, ಅದರ ಕಷ್ಟವೂ ಅದೇ.

ಈ ದಾರಿಯ ನಕ್ಷೆ ನೋಡಿದರೆ ಯಾರೋ ಊರಿಗೆ ಬರುವ ನೆಂಟರಿಗೆ ಗುರುತು ಹೇಳಿಕೊಟ್ಟಂತಿದೆ. ವಾಯವ್ಯದಲ್ಲಿ ಹೆದ್ದಾರಿಯ ಸೇತುವೆ ಒಂದು. ಅಲ್ಲಿಂದ ನದಿ ಹಿಡಿದರೆ ಚೈನ್ ಬ್ರಿಜ್, ಜಾರ್ಜ್‌ಟೌನಿನ ನೀರಿನ ಜಲಾಶಯ, ಕಮಾನುಗಳ ಕೀ ಬ್ರಿಜ್, ಮರ ತುಂಬಿದ ರೂಸ್‌ವೆಲ್ಟ್ ದ್ವೀಪ, ಮೆಮೋರಿಯಲ್ ಬ್ರಿಜ್, ಕೊನೆಗೆ ಹದಿನಾಲ್ಕನೇ ಬೀದಿಯ ಸೇತುವೆಗಳು. ಮೋಡದ ತಳ ಕನಿಷ್ಠ 3,500 ಅಡಿ ಎತ್ತರದಲ್ಲಿರಬೇಕು, ಮೂರು ಮೈಲಿಯಾದರೂ ಕಾಣಬೇಕು. ಇಲ್ಲವಾದರೆ ಈ ದಾರಿ ಕೊಡುವುದಿಲ್ಲ. ಪ್ರಯಾಣಿಕರಿಗೆ ಎಡಗಡೆ ಕಿಟಕಿ ಸಿಕ್ಕಿದರೆ ಪುಣ್ಯ. 555 ಅಡಿಯ ವಾಷಿಂಗ್ಟನ್ ಸ್ಮಾರಕ ಪಕ್ಕದಲ್ಲೇ ಹಾದುಹೋಗುತ್ತದೆ. ನಾನೂ ಮೊದಲ ಸಲ ಎಡಗಡೆ ಕಿಟಕಿಯಲ್ಲೇ ಕೂತು ಬಂದೆ. ಸ್ಮಾರಕ ನೋಡಲಿಲ್ಲ, ರೆಕ್ಕೆಯನ್ನೇ ನೋಡುತ್ತಿದ್ದೆ. ರೆಕ್ಕೆ ಎಡಕ್ಕೆ ವಾಲಿತು, ನೆಟ್ಟಗಾಯಿತು, ಬಲಕ್ಕೆ ವಾಲಿತು. ನದಿ ಹೇಗೆ ತಿರುಗುತ್ತಿತ್ತೋ ಹಾಗೆ. ಕೊನೆಯ ಸೇತುವೆಯ ಬಳಿ, ನೆಲಕ್ಕೆ ಕೆಲವು ನೂರು ಅಡಿಯಷ್ಟೇ ಉಳಿದಿರುವಾಗ, ಮತ್ತೊಮ್ಮೆ ಬಲಕ್ಕೆ ವಾಲಿ, ನೆಟ್ಟಗಾಗಿ, ಅಷ್ಟರಲ್ಲೇ ಚಕ್ರ ನೆಲ ಮುಟ್ಟಿತು.

ಇಷ್ಟು ದೊಡ್ಡ ಯಂತ್ರವನ್ನು ಹೀಗೆ ಕಣ್ಣಳತೆಯಲ್ಲಿ ಇಳಿಸುತ್ತಾರಲ್ಲ ಎಂಬ ಬೆರಗಿನಿಂದಲೇ ನನ್ನ ಓದು ಶುರುವಾದದ್ದು. ಓದುತ್ತಾ ಹೋದಂತೆ ಬೆರಗು ಕಡಿಮೆಯಾಗಲಿಲ್ಲ, ಆದರೆ ಬೇರೆ ಕಡೆಗೆ ತಿರುಗಿತು.

ಹೀಗೆ ಹೊರಗೆ ನೋಡಿಕೊಂಡು ರನ್‌ವೇಗೆ ಬರುವುದಕ್ಕೆ ವಿಷುಯಲ್ ಅಪ್ರೋಚ್ ಎನ್ನುತ್ತಾರೆ. ಅದು ಯಂತ್ರಗಳನ್ನೆಲ್ಲ ಬದಿಗಿಟ್ಟು ಮನಸ್ಸಿಗೆ ಬಂದಂತೆ ಇಳಿಯುವುದಲ್ಲ. ವಿಮಾನ ಅಷ್ಟೊತ್ತಿಗೂ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕಣ್ಗಾವಲಿನಲ್ಲೇ ಇರುತ್ತದೆ. ನಿಲ್ದಾಣ ಕಾಣುತ್ತಿದೆ, ಇಲ್ಲವೇ ಮುಂದೆ ಇಳಿಯುತ್ತಿರುವ ವಿಮಾನ ಕಾಣುತ್ತಿದೆ ಎಂದು ಪೈಲಟ್ ಹೇಳಬೇಕು. ಆಗಷ್ಟೇ ಅನುಮತಿ. ಮುಂದಿನ ವಿಮಾನ ಕಾಣುತ್ತಿದೆ ಎಂದು ಹೇಳಿ ಹಿಂಬಾಲಿಸಿದ ಮೇಲೆ ಅದರಿಂದ ಅಂತರ ಕಾಯುವುದು, ಅದರ ರೆಕ್ಕೆ ಬಿಟ್ಟುಹೋದ ಗಾಳಿಯ ಸುಳಿಗೆ ಸಿಕ್ಕದೆ ಇರುವುದು ಪೈಲಟ್ ಹೆಗಲಿಗೆ ಬರುತ್ತದೆ. "ಕಾಣುತ್ತಿದೆ" ಎಂಬ ಒಂದು ಮಾತಿನಿಂದ ಜವಾಬ್ದಾರಿ ನೆಲದಿಂದ ಆಕಾಶಕ್ಕೆ ಕೈ ಬದಲಾಗುತ್ತದೆ. ಅಷ್ಟು ಭಾರದ ಮಾತು ಅದು.

ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದ ಒಬ್ಬ ಹುಡುಗ ಸಣ್ಣ ಜೆಟ್‌ಗಳನ್ನು ಹಾರಿಸುತ್ತಾನೆ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಸ್ವಲ್ಪ ತಡವರಿಸಿ ಆಡುತ್ತಾನೆ. ಈ ದಾರಿಯಲ್ಲಿ ಬರುವಾಗ ಏನು ನೋಡ್ತೀಯಪ್ಪ ಎಂದು ಕೇಳಿದ್ದಕ್ಕೆ, "ಆಂಟಿ, ಹೊರಗೆ ಮುಕ್ಕಾಲು, ಒಳಗೆ ಕಾಲು. ಪಕ್ಕದವರು ಉಲ್ಟಾ" ಎಂದ. ಕಾಕ್‌ಪಿಟ್‌ನಲ್ಲಿ ಇಬ್ಬರು. ಒಬ್ಬರು ವಿಮಾನ ನಡೆಸುತ್ತಾರೆ, ಇನ್ನೊಬ್ಬರ ಕೆಲಸ ಕಾಯುವುದು. ನಡೆಸುವವರ ಕಣ್ಣು ನದಿಯ ಮೇಲಿದ್ದರೆ, ಕಾಯುವವರ ಕಣ್ಣು ವೇಗ, ಎತ್ತರ, ಇಳಿಯುವ ದರದ ಮೇಲೆ. ತಪ್ಪಿದ್ದು ಕಂಡರೆ ಬಾಯಿಬಿಟ್ಟು ಹೇಳಬೇಕು. ಕಿರಿಯರು ಹಿರಿಯರಿಗೂ ಹೇಳಬೇಕು. ಅದರ ಜೊತೆಗೆ, ಕಣ್ಣಿನಿಂದಲೇ ಇಳಿಯುವ ದಿನವೂ ಆ ರನ್‌ವೇಗೆ ಇರುವ ಯಂತ್ರದ ದಾರಿಯನ್ನು ಪರದೆಯ ಮೇಲೆ ಹಾಕಿಟ್ಟುಕೊಂಡಿರುತ್ತಾರಂತೆ. ನದಿಯ ಇದೇ ತಿರುವುಗಳನ್ನು ಉಪಗ್ರಹದ ನೆರವಿನಿಂದ ಬಿಂದು ಬಿಂದುವಾಗಿ ಗುರುತಿಸಿದ ದಾರಿಯೂ ಈಗ ಇದೆ. ಅವನು ಹೇಳುತ್ತಿದ್ದರೆ ನನಗೆ ಅಪ್ಪನ ಚೀಲದಲ್ಲಿದ್ದ ಗುಂಡು ಕಣ್ಣಿಗೆ ಕಟ್ಟುತ್ತಿತ್ತು.

ಲೆಕ್ಕ ಬಹಳ ಸರಳ. ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತವೆ. ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ. ರನ್‌ವೇಗೆ ನಾಲ್ಕು ಮೈಲಿ ಇದ್ದರೆ 1,200 ಅಡಿ ಎತ್ತರದಲ್ಲಿರಬೇಕು, ಮೂರು ಮೈಲಿಗೆ 900. ಈ ಇಳಿಜಾರಿನಲ್ಲಿ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಎನ್ನುವುದಕ್ಕೆ, ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿದರಾಯಿತು. 140 ನಾಟ್, ಅಂದರೆ ಗಂಟೆಗೆ 140 ನಾಟಿಕಲ್ ಮೈಲಿ ವೇಗಕ್ಕೆ 700 ಅಡಿ. ಈ 700 ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಕಣ್ಣಿನ ಪಾಠ ಇನ್ನೂ ಚೆಂದ. ರನ್‌ವೇ ಶುರುವಾದ ಮೇಲೆ ಸುಮಾರು ಸಾವಿರ ಅಡಿಯಲ್ಲಿ ಎರಡು ದಪ್ಪ ಬಿಳಿ ಪಟ್ಟಿಗಳಿರುತ್ತವೆ, ಪೈಲಟ್ ಗುರಿಯಿಡುವುದು ಅಲ್ಲಿಗೆ. ಸರಿಯಾದ ದಾರಿಯಲ್ಲಿದ್ದರೆ ಮುಂದಿನ ಗಾಜಿನಲ್ಲಿ ಆ ಪಟ್ಟಿಗಳು ಅಲುಗುವುದಿಲ್ಲ. ಸುತ್ತಲಿನ ಎಲ್ಲವೂ ಹೊರಗೆ ಹೊರಗೆ ಸರಿಯುತ್ತಾ ಹೋಗುತ್ತದೆ, ಅದೊಂದು ಮಾತ್ರ ಇದ್ದಲ್ಲೇ ಇದ್ದು ದೊಡ್ಡದಾಗುತ್ತದೆ. ಪಟ್ಟಿ ಗಾಜಿನಲ್ಲಿ ಮೇಲಕ್ಕೆ ಜರುಗಿದರೆ ನಾವು ಅದಕ್ಕಿಂತ ಮುಂಚೆಯೇ ನೆಲ ಮುಟ್ಟುತ್ತೇವೆ. ಕೆಳಕ್ಕೆ ಜರುಗಿದರೆ ದಾಟಿ ಹೋಗುತ್ತೇವೆ. ಬೆಂಗಳೂರಿನ ರಸ್ತೆ ದಾಟುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಬರುತ್ತಿರುವ ಬೈಕು ನಮ್ಮ ಕಣ್ಣಲ್ಲಿ ಆಚೀಚೆ ಸರಿಯುತ್ತಿದ್ದರೆ ಅದು ಹಿಂದೆಯೋ ಮುಂದೆಯೋ ಹೋಗುತ್ತದೆ. ಇದ್ದಲ್ಲೇ ಇದ್ದು ಬೆಳೆಯುತ್ತಿದ್ದರೆ ಅದು ನಮ್ಮ ಮೈಮೇಲೇ ಬರುತ್ತಿದೆ.

ಆದರೆ ಕಣ್ಣು ಮೋಸ ಹೋಗುವ ಬಗೆಗಳೂ ಅಷ್ಟೇ ಇವೆ. ರೂಢಿಗಿಂತ ಕಿರಿದಾದ ರನ್‌ವೇ ಕಂಡರೆ, ನಾವು ಬಹಳ ಎತ್ತರದಲ್ಲಿದ್ದೇವೆ ಎನ್ನಿಸಿ ಕೆಳಗಿಳಿದುಬಿಡುತ್ತೇವೆ. ಏರುಮುಖದ ರನ್‌ವೇಯೂ ಹಾಗೇ ಮಾಡುತ್ತದೆ. ರಾತ್ರಿ, ಈಚೆಗೆಲ್ಲ ಕತ್ತಲೆ, ಆಚೆ ದೂರದಲ್ಲಿ ರನ್‌ವೇ ದೀಪ ಮಾತ್ರ ಇದ್ದರೂ ಹಾಗೇ. ಅದಕ್ಕೇ ರನ್‌ವೇ ಪಕ್ಕದಲ್ಲಿ ನಾಲ್ಕು ದೀಪ ಇಟ್ಟಿರುತ್ತಾರೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿಯಾದ ಇಳಿಜಾರು. ಕೆಂಪು ಹೆಚ್ಚಿದಷ್ಟೂ ವಿಮಾನ ತಗ್ಗಿನಲ್ಲಿದೆ ಎಂದು ಅರ್ಥ. ಭೂಮಿಯ ಗುಂಡು ಅಂದರೆ ಇದೇ ಅಲ್ಲವೇ?

ಹಾಂಗ್‌ಕಾಂಗಿನ ಕೈ ತಕ್ ನಿಲ್ದಾಣದ ಹೆಸರು ಇಂಥ ಮಾತು ಬಂದಾಗಲೆಲ್ಲ ಬರುತ್ತದೆ. ರೇಡಿಯೋ ಕಿರಣ ವಿಮಾನವನ್ನು ಚೌಕಳಿ ಬಣ್ಣ ಬಳಿದ ಗುಡ್ಡವೊಂದರ ಕಡೆಗೆ ತಂದುಬಿಡುತ್ತಿತ್ತು. ಅಲ್ಲಿಂದ ಪೈಲಟ್ ಕಣ್ಣಳತೆಯಲ್ಲೇ 47 ಡಿಗ್ರಿ ಬಲಕ್ಕೆ ತಿರುಗಿ, ಕೌಲೂನಿನ ಮಾಳಿಗೆಗಳ ಮೇಲೆ ಹಾದು ಇಳಿಯಬೇಕಿತ್ತು. 1998ರ ಜುಲೈನಲ್ಲಿ ಅದು ಮುಚ್ಚಿತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬರೆಯಬೇಕಿರುವುದು ನಮ್ಮೂರಿನ ಬಗ್ಗೆ.

ನಮ್ಮ ಮನೆ ಹಳೇ ಏರ್‌ಪೋರ್ಟ್ ರಸ್ತೆಯಿಂದ ಒಳಗೆ. ಆಗ ಅದು ಹಳೇ ರಸ್ತೆಯಲ್ಲ, ಇದ್ದದ್ದೇ ಒಂದು ಏರ್‌ಪೋರ್ಟು. ಪಶ್ಚಿಮದಿಂದ ಬರುವ ವಿಮಾನಗಳು ಊರ ಮೇಲೆ ಹಾದು, ಗಾಲ್ಫ್ ಮೈದಾನ ದಾಟಿ, ಎಚ್‌ಎಎಲ್ ರನ್‌ವೇಗೆ ಇಳಿಯುತ್ತಿದ್ದವು. ಸದ್ದಿನಿಂದಲೇ ಯಾವುದು ಬೋಯಿಂಗು, ಯಾವುದು ವಾಯುಪಡೆಯದು ಎಂದು ಬೀದಿ ಮಕ್ಕಳೆಲ್ಲ ಹೇಳುತ್ತಿದ್ದೆವು. 1990ರ ಫೆಬ್ರವರಿ 14, ನಾನು ಮೂರನೇ ಕ್ಲಾಸು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾಲ್ಫ್ ಮೈದಾನದ ಕಡೆ ಕಪ್ಪು ಹೊಗೆ ಎದ್ದಿತು. ಮುಂಬೈಯಿಂದ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605. ಏರ್‌ಬಸ್ ಎ320, ಕಂಪನಿಗೆ ಬಂದು ವರ್ಷವೂ ಆಗಿರದ ಹೊಸ ಬಗೆಯ ವಿಮಾನ. ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡದಿಂದ ಸಿಮೆಂಟು ಮೆತ್ತಿದ ಕೈಯಲ್ಲೇ ಶಾಲೆಗೆ ಓಡಿಬಂದು ನನ್ನನ್ನು ಎತ್ತಿಕೊಂಡು ಮನೆಗೆ ಹೋದದ್ದು ನೆನಪಿದೆ. ಆ ವಯಸ್ಸಿಗೆ ನನ್ನನ್ನು ಎತ್ತಿಕೊಳ್ಳುವುದನ್ನು ಅಪ್ಪ ಬಿಟ್ಟಿದ್ದ. ಅವತ್ತು ಎತ್ತಿಕೊಂಡ.

ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಆಕಾಶ ತಿಳಿಯಾಗಿತ್ತು. ರನ್‌ವೇ ಕಣ್ಣೆದುರಿಗಿತ್ತು. ವಿಮಾನ ರನ್‌ವೇಗೆ ಸುಮಾರು 2,300 ಅಡಿ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಏರಿಗೆ ಹೊಡೆಯಿತು.

ಬಹಳ ವರ್ಷಗಳ ನಂತರ ಇಲ್ಲಿ ಕೂತು ಆ ತನಿಖೆಯ ವಿವರ ಓದಿದೆ. ಕೊನೆಯ ನಿಮಿಷದಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ ಇದ್ದವು. ವಿಮಾನ ತಾನಾಗಿ ವೇಗ ಕಾಯುವ ಸ್ಥಿತಿಯಲ್ಲಿರಲಿಲ್ಲ, ಬರೀ ಇಳಿಯುವ ಸ್ಥಿತಿಯಲ್ಲಿತ್ತು. ಹೇಗೆ ಹಾಗಾಯಿತು ಎನ್ನುವುದಕ್ಕೆ ತನಿಖೆಯಲ್ಲಿ ಬಂದ ಒಂದು ಊಹೆ ಓದಿ ನಾನು ಓದುವುದನ್ನೇ ನಿಲ್ಲಿಸಿ ಎದ್ದು ಹೋದೆ. ನಿಮಿಷಕ್ಕೆ 700 ಅಡಿ ಇಳಿಯುವ ದರ ಹಾಕಲು ಹೋಗಿ, ಪಕ್ಕದ ಗುಂಡಿ ತಿರುಗಿಸಿ, 700 ಅಡಿ ಎತ್ತರ ಎಂದು ಹಾಕಿರಬಹುದು. ಬೆಂಗಳೂರು ಇರುವುದೇ ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಮೇಲೆ. 700 ಅಡಿ ಎಂದರೆ ಗಾಲ್ಫ್ ಮೈದಾನಕ್ಕಿಂತ ಎರಡು ಸಾವಿರ ಅಡಿ ಕೆಳಗೆ, ಬಂಡೆಯೊಳಗೆ. ವಿಮಾನ ಅಲ್ಲಿಗೆ ಹೋಗಲು ಹೇಳಿದ್ದಾರೆಂದು ತಿಳಿದು ಎಂಜಿನ್ ಶಕ್ತಿ ಇಳಿಸಿರಬಹುದು. ರನ್‌ವೇ ಕಾಣುತ್ತಲೇ ಇತ್ತು. ಪ್ರತಿದಿನ ಎಷ್ಟೋ ಜೆಟ್‌ಗಳು ಬಳಸುವ, ನಾನು ಮೇಲೆ ಲೆಕ್ಕ ಹಾಕಿ ತೋರಿಸಿದ, ಅದೇ 700.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಕ್ಷಿಣ ಕೊರಿಯಾದ ಏಷ್ಯಾನಾ ಏರ್‌ಲೈನ್ಸ್‌ನ 214 ವಿಮಾನ ಬಿದ್ದಾಗ ನನಗೆ ಮೊದಲು ನೆನಪಾದದ್ದು ಆ ಹೊಗೆ. ಅವತ್ತೂ ತಿಳಿ ಆಕಾಶ, ಅವತ್ತೂ ವಿಷುಯಲ್ ಅಪ್ರೋಚ್. ಇಳಿಜಾರು ತೋರಿಸುವ ರೇಡಿಯೋ ಕಿರಣವನ್ನು ನಿಲ್ದಾಣದ ಕಾಮಗಾರಿಗಾಗಿ ನಿಲ್ಲಿಸಿದ್ದರು. 137 ನಾಟ್ ಇರಬೇಕಾದ ವೇಗ 103ಕ್ಕೆ ಕುಸಿಯಿತು, ಯಂತ್ರ ವೇಗ ಕಾಯುತ್ತಿದೆ ಎಂದು ಪೈಲಟ್‌ಗಳು ನಂಬಿದ್ದರು. ಬೋಯಿಂಗ್ 777ರ ಬಾಲ ಸಮುದ್ರದಂಚಿನ ಗೋಡೆಗೆ ಬಡಿದು ಮುರಿಯಿತು. 307 ಜನರಲ್ಲಿ ಮೂವರು ಸತ್ತರು. ಎರಡರ ನಡುವೆ 23 ವರ್ಷ, ಬೇರೆ ದೇಶ, ಬೇರೆ ಕಂಪನಿಯ ವಿಮಾನ. ಮಳೆ ಮಂಜಿನಲ್ಲಿ ಎಲ್ಲರೂ ಮುಳ್ಳಿನ ಮೇಲೆ ಕೂತಂತೆ ಯಂತ್ರ ನೋಡುತ್ತಿರುತ್ತಾರೆ. ಬಿಸಿಲಿನಲ್ಲಿ, ರನ್‌ವೇ ಅಂಗೈಯಷ್ಟು ಸ್ಪಷ್ಟ ಕಾಣುವಾಗ, ವೇಗದ ಕಡೆ ನೋಡಬೇಕು ಎನ್ನಿಸುವುದೇ ಇಲ್ಲ. ನಾನು ವಿಷುಯಲ್ ಅಪ್ರೋಚ್ ಬಗ್ಗೆ ಇಷ್ಟೆಲ್ಲ ಓದಿ ಕಂಡುಕೊಂಡದ್ದು ಇದೊಂದೇ: ಕಾಣದಿರುವುದಕ್ಕಿಂತ, ಚೆನ್ನಾಗಿ ಕಾಣುತ್ತಿದೆ ಎಂಬ ನೆಮ್ಮದಿಗೇ ಹೆಚ್ಚು ಹೆದರಬೇಕು.

ಅದೇ ನಿಲ್ದಾಣದಲ್ಲಿ 2017ರ ಜುಲೈನ ಒಂದು ರಾತ್ರಿ ಏರ್ ಕೆನಡಾ 759ರ ಪೈಲಟ್‌ಗಳು ರನ್‌ವೇ ಎಂದುಕೊಂಡು ಪಕ್ಕದ ಟ್ಯಾಕ್ಸಿವೇಗೆ, ಅಂದರೆ ವಿಮಾನಗಳು ರನ್‌ವೇಗೆ ನೆಲದ ಮೇಲೆ ಹೋಗಿಬರುವ ದಾರಿಗೆ, ಗುರಿಯಿಟ್ಟರು. ಅಕ್ಕಪಕ್ಕದ ಎರಡು ರನ್‌ವೇಗಳಲ್ಲಿ ಎಡಗಡೆಯ ಒಂದನ್ನು ಮುಚ್ಚಿ ದೀಪ ಆರಿಸಿದ್ದರು. ಉಳಿದ ಒಂದನ್ನೇ ಮೊದಲನೆಯದು ಎಂದು ತಿಳಿದರೆ, ಅದರ ಬಲಕ್ಕೆ ದೀಪದ ಸಾಲಿದ್ದದ್ದೆಲ್ಲ ಎರಡನೆಯದಾಗಿ ಕಾಣುತ್ತದೆ. ಆ ಸಾಲಿನಲ್ಲಿ ನಾಲ್ಕು ವಿಮಾನಗಳು ಜನ ತುಂಬಿಕೊಂಡು ಹೊರಡಲು ಕಾಯುತ್ತಿದ್ದವು. ಏರ್ ಕೆನಡಾ ವಿಮಾನ ಅವುಗಳ ಮೇಲೆ ಹಾಯುತ್ತಾ ನೆಲದಿಂದ ಸುಮಾರು 60 ಅಡಿವರೆಗೆ ಇಳಿದು, ಪುಣ್ಯಕ್ಕೆ, ಮೇಲಕ್ಕೆದ್ದಿತು. ರನ್‌ವೇಯ ರೇಡಿಯೋ ಕಿರಣವನ್ನು ಜೊತೆಗಿಟ್ಟುಕೊಳ್ಳಬೇಕಿತ್ತು, ಇಟ್ಟುಕೊಂಡಿರಲಿಲ್ಲ. ಗುಂಡು ಚೀಲದಲ್ಲೇ ಉಳಿದಿತ್ತು.

2025ರ ಜನವರಿ 29ರ ರಾತ್ರಿಯ ಬಗ್ಗೆ ಬರೆಯದೆ ಈ ನದಿಯ ಬಗ್ಗೆ ಬರೆಯಲಾರೆ. ಅವತ್ತು ಗಾಳಿ ಉತ್ತರದ್ದು, ವಿಮಾನಗಳು ದಕ್ಷಿಣದಿಂದ ಬರುತ್ತಿದ್ದವು. ಕ್ಯಾನ್ಸಸ್ ರಾಜ್ಯದ ವಿಚಿಟಾದಿಂದ ಬಂದ ಸಣ್ಣ ಜೆಟ್ ಒಂದನ್ನು ಕಂಟ್ರೋಲರ್, ಮುಖ್ಯ ರನ್‌ವೇ ಬಿಟ್ಟು ಪಕ್ಕದ ಚಿಕ್ಕ ರನ್‌ವೇಗೆ ಹೋಗಬಹುದೇ ಎಂದು ಕೇಳಿದರು. ಪೈಲಟ್‌ಗಳು ಆಗಬಹುದು ಎಂದರು. ನದಿ ದಾಟಿ, ಎಡಕ್ಕೆ ತಿರುಗಿ, ಕಣ್ಣಿನಿಂದಲೇ ಇಳಿಯುವ ದಾರಿ. ಅದೇ ಹೊತ್ತಿಗೆ ನದಿಯ ಪೂರ್ವ ದಡದಗುಂಟ ಸೈನ್ಯದ ಹೆಲಿಕಾಪ್ಟರ್ ಬರುತ್ತಿತ್ತು. ಆ ಭಾಗದಲ್ಲಿ ಅದು 200 ಅಡಿ ದಾಟುವಂತಿರಲಿಲ್ಲ, ದಾಟಿತ್ತು. ಜೆಟ್ ಕಾಣುತ್ತಿದೆಯೇ ಎಂದು ಕಂಟ್ರೋಲರ್ ಕೇಳಿದರು. ಕಾಣುತ್ತಿದೆ, ನಾವೇ ನೋಡಿ ಅಂತರ ಕಾಯುತ್ತೇವೆ ಎಂದು ಉತ್ತರ ಬಂತು. ಎರಡೂ ನದಿಯ ಮೇಲೆ ಡಿಕ್ಕಿ ಹೊಡೆದವು. 67 ಜನ, ಒಬ್ಬರೂ ಉಳಿಯಲಿಲ್ಲ.

ಹೆಲಿಕಾಪ್ಟರಿನವರಿಗೆ ಕಂಡದ್ದು ಯಾವ ದೀಪ ಎಂದು ಹೇಳಲು ಇವತ್ತು ಅವರಿಲ್ಲ. ನಾನು ಯೋಚಿಸುವುದು ಬೈಕಿನ ಆ ನಿಯಮವನ್ನು. ಡಿಕ್ಕಿಯಾಗಲಿರುವ ವಿಮಾನದ ದೀಪ ಗಾಜಿನಲ್ಲಿ ಸರಿಯುವುದಿಲ್ಲ, ಇದ್ದಲ್ಲೇ ಇರುತ್ತದೆ. ಹಿಂದೆ ಇಡೀ ನಗರದ ಸಾವಿರಾರು ದೀಪಗಳಿರುವಾಗ ಅಲುಗದ ಒಂದು ದೀಪವನ್ನು ಹುಡುಕುವುದು ಯಾವ ಕಣ್ಣಿಗೂ ಬಹಳ ಕಷ್ಟ. ಪೈಲಟ್‌ಗೆ ದಾರಿ ತೋರಿಸುವ ಅದೇ ಅಲುಗದ ಬಿಂದು ಇಲ್ಲಿ ಅಡಗಿ ಕೂರುತ್ತದೆ. "ಕಾಣುತ್ತಿದೆ" ಎಂಬ ಮಾತಿನ ಮೇಲೆ ಅಷ್ಟು ಭಾರ ಹೊರಿಸಿದ್ದು ಆ ಇಬ್ಬರು ಮೂವರ ತಪ್ಪಷ್ಟೇ ಎಂದು ನನಗೆ ಅನ್ನಿಸುವುದಿಲ್ಲ. ಇಳಿಯುವ ದಾರಿಯ ಕೆಳಗೇ ಇನ್ನೊಂದು ದಾರಿ ಎಳೆದು, ನಡುವೆ ಕಣ್ಣೊಂದನ್ನೇ ಕಾವಲಿಗಿಟ್ಟವರೂ ಉತ್ತರ ಕೊಡಬೇಕು. ಹೆಲಿಕಾಪ್ಟರ್ ದಾರಿಯ ಆ ಭಾಗವನ್ನು ನಂತರ ಮುಚ್ಚಿದರು.

ಕೆಲವು ತಿಂಗಳು ನಾನು ಪಾರ್ಕಿಗೆ ಹೋಗಲಿಲ್ಲ. ಮಗಳೇ ಒಂದು ದಿನ ಹೋಗೋಣ ಅಂದಳು.

ಅವತ್ತು ದಕ್ಷಿಣದ ಗಾಳಿ. ಸೇತುವೆಯ ಆಚೆ ಒಂದರ ಹಿಂದೊಂದು ದೀಪಗಳು ಬಂದು, ಬಲಕ್ಕೆ ವಾಲಿ, ನೆಟ್ಟಗಾಗಿ ತಲೆಯ ಮೇಲೆ ಹಾದು ಇಳಿಯುತ್ತಿದ್ದವು. ಅವುಗಳಲ್ಲಿ ಒಂದು, ಎಲ್ಲವುಗಳಂತೆಯೇ ತಿರುಗಿ ಬಂದದ್ದು, ನಮ್ಮ ಮೇಲೆ ಬರುತ್ತಿದ್ದಂತೆ ಮೂತಿ ಎತ್ತಿತು. ಎಂಜಿನ್ ಸದ್ದು ಎದೆಗೆ ಗುದ್ದಿದಂತಾಯಿತು. ಚಕ್ರಗಳು ಒಳಗೆ ಸೇರಿದವು. ರನ್‌ವೇಯುದ್ದಕ್ಕೂ ಹಾರಿ ದಕ್ಷಿಣಕ್ಕೆ ಏರಿಹೋಯಿತು. ಯಾಕೆಂದು ಕೆಳಗಿದ್ದ ನಮಗೆ ಗೊತ್ತಾಗುವುದಿಲ್ಲ. ಮುಂಚೆ ಇಳಿದ ವಿಮಾನ ರನ್‌ವೇ ಬಿಡುವುದು ತಡವಾಗಿರಬಹುದು. ವೇಗ ಹೆಚ್ಚಾಗಿರಬಹುದು. ಕಾಯುವವರು ಒಂದು ಮಾತು ಹೇಳಿರಬಹುದು. ನೆಲಕ್ಕೆ ಇಂತಿಷ್ಟು ಅಡಿ ಇರುವಾಗ ವೇಗ, ಎಂಜಿನ್ನು, ಇಳಿಯುವ ದರ ಎಲ್ಲವೂ ಸರಿಯಾಗಿ ಕೂತಿರಬೇಕು, ಒಂದೂ ಹೆಚ್ಚುಕಡಿಮೆಯಾದರೆ ಇಳಿಯುವ ಆಸೆ ಬಿಟ್ಟು ಮೇಲಕ್ಕೆ ಹೋಗಬೇಕು ಎಂದು ವಿಮಾನ ಕಂಪನಿಗಳಲ್ಲಿ ನಿಯಮವಿದೆ. ಹುಲ್ಲಿನ ಮೇಲಿದ್ದ ಯಾರೋ ಅಯ್ಯೋ ಎಂದರು. ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು, ತಟ್ಟಿದೆ.

ರಾತ್ರಿ ಫೋನ್ ಮಾಡಿದಾಗ ಬೆಂಗಳೂರಿನಲ್ಲಿ ಬೆಳಗಾಗಿತ್ತು. ಅಪ್ಪನಿಗೆ ಈಗ ಒಂದು ಕಣ್ಣು ಸರಿಯಾಗಿ ಕಾಣುವುದಿಲ್ಲ, ಕಿವಿ ಚುರುಕಾಗಿದೆ. ನಡೆದದ್ದನ್ನು ಹೇಳಿದೆ.

"ಅಷ್ಟು ಹತ್ರ ಬಂದು ಮತ್ತೆ ಮೇಲಕ್ಕೆ ಹೋದ್ರಾ?"

"ಹೂಂ ಅಪ್ಪ. ತಲೆ ಮೇಲೇ ಇತ್ತು."

"ಒಳಗಿದ್ದೋರು ಬೈಕೊಂಡಿರ್ತಾರೆ."

"ಬೈಕೊಂಡಿರ್ತಾರೆ."

"ಕೋಡಿಹಳ್ಳಿ ಮನೆ ಯಜಮಾನ್ರೂ ಹಂಗೇ ಬೈದಿದ್ರು. ಆರು ವರಸೆ ಬಿಚ್ಚಿಸಿದ್ದೆ ಕಣಮ್ಮ, ನೀನು ಚಿಕ್ಕೋಳು, ನಿಂಗೆ ನೆನಪಿರಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ. "ಆಮೇಲೆ ಇಳಿಸಿದ್ರಾ?"

"ಇಳಿಸಿದ್ರು ಅಪ್ಪ. ನಾವು ಅಲ್ಲೇ ಕಾದಿದ್ದು ನೋಡ್ಕೊಂಡು ಬಂದ್ವಿ."